ಸೊಸೆಯ ಬಂದೂಕು, ಅತ್ತೆಯ ಲಟ್ಟಣಿಗೆ

ಬೈಲಹೊಂಗಲದಿಂದ ಮ್ಯೂನಿಕ್‌ಗೆ ಬಂದ ಮೂರು ಸೂಟ್‌ಕೇಸುಗಳಲ್ಲಿ ಎರಡು ನೀಲವ್ವನವು. ಜೋಳದ ಹಿಟ್ಟು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಇವೆಲ್ಲದರ ನಡುವೆ ಹಳೇ ಇಳಕಲ್ ಸೀರೆಯಲ್ಲಿ ಸುತ್ತಿದ ಒಂದು ಬೀಟೆ ಮರದ ಲಟ್ಟಣಿಗೆ. "ಜರ್ಮನಿಯೊಳಗ ಲಟ್ಟಣಿಗಿ ಸಿಗೂದಿಲ್ಲೇನ?" ಎಂದು ಊರಲ್ಲೇ ಗಂಡ ಕೇಳಿದ್ದ. "ಸಿಗತಾವ. ನಮ್ಮವ್ವ ಕೊಟ್ಟದ್ದು ಸಿಗೂದಿಲ್ಲ" ಎಂದು ಅವನ ಬಾಯಿ ಮುಚ್ಚಿಸಿದ್ದಳು.

ಮೂರನೆಯ ಸೂಟ್‌ಕೇಸು ಗಂಡ ಚನ್ನಮಲ್ಲಪ್ಪನದು. ಅದರಲ್ಲಿ ನಾಲ್ಕು ಜೊತೆ ಬಟ್ಟೆ, ಬಿಪಿ ಗುಳಿಗೆ ಮತ್ತು ಸುರುಳಿ ಸುತ್ತಿದ ಒಂದು ಫ್ಲೆಕ್ಸ್ ಇದ್ದವು. ಮಗನ ಮನೆಯಲ್ಲಿ ಕಾಲಿಟ್ಟು ಕೈಕಾಲು ತೊಳೆದವನೇ ಆ ಫ್ಲೆಕ್ಸನ್ನು ಹಾಲ್‌ನಲ್ಲಿ ಬಿಚ್ಚಿದ. ಅದು ಸೋಫಾದಿಂದ ಬಾಲ್ಕನಿ ಬಾಗಿಲವರೆಗೆ ಹಾಸಿಕೊಂಡಿತು. ಹಿಂದೆ ತ್ರಿವರ್ಣ ಧ್ವಜ, ಮೇಲೆ ಎರಡು ವಿಮಾನ, ನಡುವೆ ಬಂದೂಕು ಹಿಡಿದು ನಿಂತ ಅವನ ಮಗ. "ಜರ್ಮನಿಯ ನೆಲದಲ್ಲಿ ಭಾರತದ ಬಂದೂಕಿನ ಕೀರ್ತಿ ಮೆರೆಸಿದ ಬೈಲಹೊಂಗಲದ ಹೆಮ್ಮೆಯ ಪುತ್ರ ಪ್ರವೀಣಕುಮಾರ ಚ. ಅಂಗಡಿ ಇವರಿಗೆ ಮಾಜಿ ಸೈನಿಕರ ಸಂಘದ ಹಾರ್ದಿಕ ಅಭಿನಂದನೆಗಳು."

"ಇಂಥಾದ್ದ ಇನ್ನೊಂದು ಸಂಘದ ಕಟ್ಟಡದ ಮುಂದ ಕಟ್ಟೀವಿ" ಎಂದ ಚನ್ನಮಲ್ಲಪ್ಪ. "ಬಸ್‌ನ್ಯಾಗ ಹೋಗವರಿಗೂ ಕಾಣತೈತಿ."

ಚಹಾದ ತಟ್ಟೆ ಹಿಡಿದು ಬಂದ ಸೊಸೆ ವಂದನಾ ಅದನ್ನು ಓದಿ ನಿಂತಲ್ಲೇ ನಿಂತಳು. ಏಕೆಂದರೆ ಆ ಬಂದೂಕು ಅವಳದು.

ವಂದನಾ ಮೈಸೂರಿನವಳು, ವಯಸ್ಸು ನಲವತ್ತಮೂರು, ಒಂದು ಕಾರಿನ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ. ಐದು ವರ್ಷದ ಹಿಂದೆ ಸಹೋದ್ಯೋಗಿಯೊಬ್ಬಳ ಜೊತೆ ಪಕ್ಕದೂರಿನ ಶುಟ್ಸೆನ್‌ಫೆರೈನಿಗೆ, ಅಂದರೆ ಗುರಿಕಾರರ ಕ್ಲಬ್ಬಿಗೆ, ಸುಮ್ಮನೆ ನೋಡಲು ಹೋದವಳು ಅಲ್ಲಿಯೇ ಸದಸ್ಯೆಯಾದಳು. ವರ್ಷಗಟ್ಟಲೆ ಅಭ್ಯಾಸ ಮಾಡಿದಳು, ಪರೀಕ್ಷೆ ಬರೆದಳು, ಪರವಾನಗಿಯ ಹಳದಿ ಕಾರ್ಡು ಪಡೆದಳು. ಆಮೇಲೆ ಸೈನ್ಯಗಳು ಮಾರಿಬಿಟ್ಟ ಹಳೆಯ ಬಂದೂಕುಗಳನ್ನು ಒಂದೊಂದಾಗಿ ಕೊಂಡಳು. ಈಗ ಅವಳ ಹತ್ತಿರ ಸ್ವಿಟ್ಜರ್ಲೆಂಡಿನದೊಂದು, ಸ್ವೀಡನ್ನಿನದೊಂದು, ನಮ್ಮ ಇಶಾಪುರ ಕಾರ್ಖಾನೆಯ ಥ್ರೀ ನಾಟ್ ಥ್ರೀ ಒಂದು ಇದ್ದವು. ಗಂಡ ಪ್ರವೀಣ ಒಂದು ಸಲ ಜೊತೆಗೆ ಹೋಗಿ, ಆ ಥ್ರೀ ನಾಟ್ ಥ್ರೀ ಹಿಡಿದು ಫೋಟೋ ತೆಗೆಸಿಕೊಂಡು ಅಪ್ಪನಿಗೆ ಕಳಿಸಿದ್ದ. ಅಪ್ಪ ತಪ್ಪು ತಿಳಿದ. ಮಗ ತಿದ್ದಲಿಲ್ಲ.

"ಎಲ್ಲೈತಿ? ತೆಗಿ, ನೋಡೂಣು" ಎಂದ ಚನ್ನಮಲ್ಲಪ್ಪ, ಚಹಾ ಮುಟ್ಟದೆ.

"ಚಾ ಆರತೈತಿ ಅಪ್ಪಾ."

"ಆರ್ಲಿ. ತೆಗಿ."

"ಕಪಾಟಿನ್ಯಾಗ ಐತಿ. ನನಗ… ತಗ್ಯಾಕ ಬರೂದಿಲ್ಲ."

"ಹಂಗಂದ್ರ?"

ಹದಿನೈದರ ಮೊಮ್ಮಗಳು ನಿಶ್ಚಿತಾ ಫೋನಿನಿಂದ ತಲೆ ಎತ್ತಿದಳು. "ಅಜ್ಜಾ, ಪಪ್ಪಂಗೆ ಕೋಡ್ ಗೊತ್ತಿಲ್ಲ. ಗೊತ್ತಾಗೋದು ಫರ್ಬೋಟನ್, ಗೊತ್ತಾಗೋ ಹಾಗೇ ಇಲ್ಲ. ಪೊಲೀಸ್ ಪ್ರಾಬ್ಲಮ್ ಆಗತ್ತೆ. ಅದು ಮಮ್ಮಾದು. ಎಲ್ಲಾ ಬಂದೂಕೂ ಮಮ್ಮಾದೇ."

ಪ್ರವೀಣ ಸೀಲಿಂಗ್ ನೋಡಿದ. ವಂದನಾ ತಟ್ಟೆ ಕೆಳಗಿಟ್ಟಳು. ಚನ್ನಮಲ್ಲಪ್ಪ ಫ್ಲೆಕ್ಸಿನ ಮೇಲಿದ್ದ ಮಗನನ್ನೂ ಸೋಫಾದ ಮೇಲಿದ್ದ ಮಗನನ್ನೂ ಒಂದೊಂದು ಸಲ ನೋಡಿ, ಮೊಣಕಾಲೂರಿ ಕುಳಿತು ಫ್ಲೆಕ್ಸನ್ನು ಮತ್ತೆ ಸುತ್ತತೊಡಗಿದ. ಆ ರಾತ್ರಿ ಊಟಕ್ಕೆ ಎಣ್ಣೆಗಾಯಿ ಇತ್ತು. ಯಾರೂ ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ.

ಚನ್ನಮಲ್ಲಪ್ಪನ ನೋವನ್ನು ಸುಳ್ಳೆನ್ನಲಾಗದು. ಅವನು ಇಪ್ಪತ್ನಾಲ್ಕು ವರ್ಷ ಸೈನ್ಯದಲ್ಲಿ ಆರ್ಮರರ್ ಆಗಿದ್ದವನು. ಕೆಟ್ಟ ಬಂದೂಕು ರಿಪೇರಿ ಮಾಡುವುದು, ಗುರಿ ಸರಿಪಡಿಸುವುದು ಅವನ ಕೆಲಸ. ನಿವೃತ್ತಿಯ ನಂತರ ಮತ್ತೆ ಹದಿನೈದು ವರ್ಷ ಬೆಳಗಾವಿಯ ಎನ್‌ಸಿಸಿ ಕಚೇರಿಯಲ್ಲಿ ಅದೇ ಥ್ರೀ ನಾಟ್ ಥ್ರೀಗಳ ಚಾಕರಿ. ಅವನು ಸರಿಪಡಿಸಿದ ಬಂದೂಕಿನಿಂದ ಯಾರ‍್ಯಾರೋ ಪದಕ ಗೆದ್ದರು, ಪದಕದ ಮೇಲೆ ಆರ್ಮರರ್ ಹೆಸರು ಬರೆಯುವ ಪದ್ಧತಿ ಎಲ್ಲಿಯೂ ಇಲ್ಲ. ಕಡೆಗೂ ತನ್ನ ಮನೆಗೊಂದು ಬಂದೂಕಿನ ಹೆಸರು ಬಂತು ಎಂದುಕೊಂಡು ಊರೆಲ್ಲ ಡಂಗುರ ಸಾರಿದ್ದ. ಖಂಡೇನವಮಿಯ ದಿನ ಸಂಘದ ಆಯುಧಪೂಜೆಯ ಹೊತ್ತಿಗೆ ವಿಡಿಯೋ ಕಾಲ್ ಮಾಡಿ, ಮಗನ ಕೈಯಲ್ಲಿ ಬಂದೂಕು ತೋರಿಸುತ್ತೇನೆಂದು ಸಂಘದ ಹಿರಿಯ ಸುಬೇದಾರರಿಗೆ ಮಾತು ಕೊಟ್ಟು ಬಂದಿದ್ದ. ಈಗ ಏನಂತ ತೋರಿಸುವುದು?

ವಂದನಾಳ ನೋವು ಬೇರೆ. ಅವಳು ಅದನ್ನು ಯಾರಿಗೂ ಹೇಳಲಿಲ್ಲ.

ಕಪಾಟು ಇದ್ದದ್ದು ಪಡಸಾಲೆಯಲ್ಲಿ, ಚಪ್ಪಲಿ ಸ್ಟ್ಯಾಂಡಿನ ಪಕ್ಕ, ಗೋಡೆಗೆ ಬೋಲ್ಟ್ ಹಾಕಿ ಬಿಗಿದ ಬೂದು ಬಣ್ಣದ ಉಕ್ಕಿನ ಪೆಟ್ಟಿಗೆ. ಶುಕ್ರವಾರ ಬೆಳಿಗ್ಗೆ ನೀಲವ್ವ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ಒಂದು ಹೂವಿಟ್ಟಳು.

"ಅತ್ತೆ, ಅದು ತಿಜೋರಿ ಅಲ್ಲ" ಎಂದಳು ವಂದನಾ.

"ಬಂದೂಕರ ಇರ್ಲಿ, ಬಂಗಾರರ ಇರ್ಲಿ. ಕಬ್ಬಿಣದ ಪೆಟ್ಟಿಗಿ ಅಂದ್ರ ಲಕ್ಷ್ಮೀನ. ಆದ್ರ ಒಂದ ಮಾತು. ಗಂಡಗ ತಗ್ಯಾಕ ಬರದ ಪೆಟ್ಟಿಗಿ ಮನ್ಯಾಗ ಇರೂದು ನಾ ಎಲ್ಲೂ ಕಂಡಿಲ್ಲ."

ನಿಶ್ಚಿತಾ ಮ್ಯೂಸ್ಲಿ ತಿನ್ನುತ್ತಾ ಕೇಳಿದಳು, "ಅಜ್ಜಿ, ನಿಮ್ಮ ಸೊಂಟದಲ್ಲಿ ಇರೋ ಕೀಲಿಕೈ ಯಾವುದರದ್ದು?"

"ಊರಾಗಿನ ನನ್ನ ಟ್ರಂಕಿಂದು."

"ಅಜ್ಜಂಗೆ ಕೊಡ್ತೀರಾ?"

"ಅವರಿಗ್ಯಾಕ ಅದು?"

ನಿಶ್ಚಿತಾ ನಕ್ಕಳು. ನೀಲವ್ವನಿಗೆ ನಗುವಿನ ಕಾರಣ ಅರ್ಥವಾಗದೆ ಇರಲಿಲ್ಲ, ಆದರೆ ಅರ್ಥವಾಯಿತೆಂದು ತೋರಿಸಿಕೊಳ್ಳುವ ಪೈಕಿ ಅಲ್ಲ ಆಕೆ.

ಒಂದು ವಾರ ಚನ್ನಮಲ್ಲಪ್ಪ ಕಪಾಟಿನ ಕಡೆ ನೋಡದೆ ಓಡಾಡಿದ. ಎರಡನೇ ವಾರ ಅದರ ಮುಂದೆ ಕುರ್ಚಿ ಹಾಕಿ ಕುಳಿತು ಬೂಟಿಗೆ ಪಾಲಿಶ್ ಹಚ್ಚತೊಡಗಿದ. ಮೂರನೇ ವಾರ ತಡೆಯಲಾಗಲಿಲ್ಲ. ಬೆಳಿಗ್ಗೆ ವಂದನಾ ಆಫೀಸಿಗೆ ಹೊರಟು ಎಸ್-ಬಾನ್ ರೈಲು ಹಿಡಿಯುವ ಅವಸರದಲ್ಲಿದ್ದಾಗ ದಾರಿಗೆ ಅಡ್ಡ ನಿಂತ.

"ನಂಬರ್ ಹೇಳಿ ಹೋಗು. ನಾ ಒಬ್ಬನ ಕುಂತು ನೋಡತೀನಿ."

"ಮಾವ, ಸಂಜೆ ನಾನು ಬಂದ ಮೇಲೆ ಎಷ್ಟು ಹೊತ್ತು ಬೇಕಾದ್ರೂ ನೋಡಿ. ನಂಬರ್ ಮಾತ್ರ ಕೇಳಬೇಡಿ."

"ನಲವತ್ತು ವರ್ಷ ಬಂದೂಕಿನ ಜೋಡಿ ಬಾಳ್ವಿ ಮಾಡೀನಿ. ನಿನ್ನ ಬಂದೂಕೇನು ನಾ ತಿಂತೀನಿ? ನನ್ನ ಮ್ಯಾಲ ನಂಬಿಕಿಲ್ಲೇನು?"

"ನಂಬಿಕೆ ಪ್ರಶ್ನೆ ಅಲ್ಲ ಮಾವ. ಕಾರ್ಡಿನಲ್ಲಿ ಹೆಸರಿಲ್ಲದವರು ನಾನಿಲ್ಲದಾಗ ಮುಟ್ಟೋ ಹಾಗಿಲ್ಲ. ನಿಮ್ಮ ಮಗನಿಗೇ ಹೇಳಿಲ್ಲ."

"ಮಗಗ ಹೇಳದಿದ್ದದ್ದ ತಪ್ಪು."

"ತಪ್ಪಾದ್ರೆ ತಪ್ಪೇ. ಹೇಳಲ್ಲ" ಎಂದು ವಂದನಾ ಬ್ಯಾಗು ಹೆಗಲಿಗೇರಿಸಿದಳು. ಮದುವೆಯಾಗಿ ಹದಿನೇಳು ವರ್ಷದಲ್ಲಿ ಮಾವನಿಗೆ ಎದುರಾಡಿದ್ದು ಅದೇ ಮೊದಲು. ಎಸ್-ಬಾನಿನಲ್ಲಿ ಕುಳಿತ ಮೇಲೂ ಮಾತು ಹಿಂದೆ ತೆಗೆದುಕೊಳ್ಳಬೇಕೆಂದು ಅವಳಿಗೆ ಅನಿಸಲಿಲ್ಲ.

ಮನೆಯಲ್ಲಿ ನೀಲವ್ವ ಮಧ್ಯಾಹ್ನದವರೆಗೆ ರೊಟ್ಟಿ ತಟ್ಟಿದಳು. ಸಿಟ್ಟು ಬಂದಾಗ ಆಕೆಯ ರೊಟ್ಟಿ ತೆಳ್ಳಗಾಗುತ್ತದೆ, ಸದ್ದು ದೊಡ್ಡದಾಗುತ್ತದೆ. ಕೆಳಗಿನ ಮನೆಯ ಮುದುಕಿ ಬೆಲ್ ಮಾಡಿ, ಏನಾದರೂ ಒಡೆಯುತ್ತಿದ್ದೀರಾ ಎಂದು ಕೇಳಿ ಹೋದಳು. ಸಂಜೆ ಚನ್ನಮಲ್ಲಪ್ಪ ಮೊಸರು ರೊಟ್ಟಿಯಷ್ಟೇ ತಿಂದು ಎದ್ದ. ಪ್ರವೀಣ ಹೆಂಡತಿಯನ್ನು ಅಡುಗೆಮನೆಯಲ್ಲಿ ಕೇಳಿದ, "ಒಂದ ಸಲ ಹೇಳಿಬಿಡಾಕ ಬರ್ತಿರಲಿಲ್ಲೇನು? ಯಾರಿಗೆ ಗೊತ್ತಾಗತಿತ್ತು?"

"ನೀನು ಒಂದು ಸಲ ಫೋನಿನಲ್ಲಿ ಬಾಯಿ ಬಿಟ್ಟಿದ್ರೆ ಇಷ್ಟೆಲ್ಲ ಆಗ್ತಿತ್ತಾ?" ಎಂದಳು ವಂದನಾ. ಪ್ರವೀಣ ಡಿಶ್‌ವಾಷರ್ ತುಂಬಿಸತೊಡಗಿದ.

ಆಗಸ್ಟ್ ಮೂರನೇ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಬೆಲ್ ಆಯಿತು. ವಂದನಾ ಅಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಬಾಗಿಲಲ್ಲಿ ಒಬ್ಬ ಹೆಂಗಸು, ಒಬ್ಬ ಗಂಡಸು, ಇಬ್ಬರ ಕೈಯಲ್ಲೂ ಸರಕಾರಿ ಗುರುತಿನ ಚೀಟಿ. ಬಂದೂಕುಗಳನ್ನು ಹೇಗಿಟ್ಟಿದ್ದಾರೆಂದು ಹೇಳದೆ ಕೇಳದೆ ಬಂದು ನೋಡುವುದು ಅವರ ಕೆಲಸ.

"ಫ್ರೌ ಅಂಗಡಿ?" ಎಂದಳು ಅಧಿಕಾರಿಣಿ. ಫ್ರೌ ಎಂದರೆ ಶ್ರೀಮತಿ, ಅಂಗಡಿ ಮನೆತನದ ಹೆಸರು. ಚನ್ನಮಲ್ಲಪ್ಪ ತನ್ನನ್ನೇ ಕರೆದರೆಂದು ಕುರ್ಚಿಯಿಂದ ಅರ್ಧ ಎದ್ದ. ಅವರು ಅವನ ಕಡೆ ತಲೆಬಾಗಿ, ವಂದನಾಳ ಕೈ ಕುಲುಕಿದರು.

ವಂದನಾ ಎಲ್ಲರಿಗೂ ಆ ಕಡೆ ತಿರುಗಲು ಹೇಳಿದಳು. ಮಾವ, ಅತ್ತೆ, ರಜೆಯಲ್ಲಿ ಮನೆಯಲ್ಲೇ ಇದ್ದ ಮಗಳು, ಮೂವರೂ ಗೋಡೆಗೆ ಮುಖ ಮಾಡಿ ನಿಂತರು. ಅಧಿಕಾರಿಗಳೂ ತಿರುಗಿದರು. ಕಪಾಟು ತೆರೆಯಿತು. ಹಳದಿ ಕಾರ್ಡಿನ ಒಂದೊಂದು ಸಂಖ್ಯೆಗೂ ಒಂದೊಂದು ಬಂದೂಕಿನ ಸಂಖ್ಯೆ ತಾಳೆ ನೋಡಿದರು. ಬಾಗಿಲ ಮೇಲಿನ ಕೆಂಪು ಗುರುತು ತುಕ್ಕೇ ಎಂದು ಗಂಡಸು ಬೆರಳಿಟ್ಟು ನೋಡಿದ. "ಅಜ್ಜಿ ಕಪಾಟಿಗೆ ಪೂಜೆ ಮಾಡಿದ್ದಾರೆ" ಎಂದು ನಿಶ್ಚಿತಾ ಜರ್ಮನ್‌ನಲ್ಲಿ ಹೇಳಿದಳು. ಅವನು ಬೆರಳಿನ ಕುಂಕುಮ ನೋಡಿಕೊಂಡ, ಅದರ ಬಗ್ಗೆ ಏನೂ ಬರೆದುಕೊಳ್ಳಲಿಲ್ಲ.

ಕೊನೆಗೆ ಅಧಿಕಾರಿಣಿ ಚನ್ನಮಲ್ಲಪ್ಪನ ಕಡೆ ತಿರುಗಿ ಏನೋ ಕೇಳಿದಳು.

"ಅಜ್ಜಾ, ಈ ಕಪಾಟು ನೀವು ತೆಗೀಬಹುದಾ ಅಂತ ಕೇಳ್ತಿದ್ದಾರೆ" ಎಂದಳು ನಿಶ್ಚಿತಾ.

ಚನ್ನಮಲ್ಲಪ್ಪ ಎರಡೂ ಹಿಮ್ಮಡಿ ಕೂಡಿಸಿ ನಿಂತ. "ನೈನ್" ಎಂದ. ಇಲ್ಲ ಎನ್ನುವ ಆ ಮಾತು ಆ ಮನೆಯಲ್ಲಿ ಅವನು ಕಲಿತಿದ್ದ ಮೊದಲ ಜರ್ಮನ್. "ನನಗ ಗೊತ್ತಿಲ್ಲ. ನನ್ನ ಮಗಗೂ ಗೊತ್ತಿಲ್ಲ. ಇಡೀ ಮನ್ಯಾಗ ಅಕಿ ಒಬ್ಬಾಕಿಗಷ್ಟ ಗೊತ್ತು. ನಾ ಕೇಳಿದ್ನಿ. ಅಕಿ ಹೇಳಲಿಲ್ಲ. ಹೇಳು ಹಂಗ."

ನಿಶ್ಚಿತಾ ಹಾಗೆಯೇ ಹೇಳಿದಳು. ಅಧಿಕಾರಿಣಿ ಮೊದಲ ಸಲ ನಕ್ಕು, ಕಾಗದದ ಮೇಲೆ ಸಹಿ ಹಾಕಿದಳು.

ಅವರು ಹೋದ ಮೇಲೆ ಚನ್ನಮಲ್ಲಪ್ಪ ತನ್ನ ಕುರ್ಚಿಯನ್ನು ಗೋಡೆಯ ಬದಿಗೆ ಸರಿಸಿಟ್ಟ. ಆಮೇಲೆ ವಂದನಾಳ ಮೇಜಿನ ಹತ್ತಿರ ಹೋಗಿ ನಿಂತ.

"ಸೈನ್ಯದಾಗ ಬಂದೂಕು ಇಡೂ ಖೋಲಿಗೆ ಕೋತ್ ಅಂತೀವಿ. ಒಮ್ಮೆ ನಾ ಕೋತಿನ ಡ್ಯೂಟಿ ಮ್ಯಾಲಿದ್ದಾಗ ಒಬ್ಬ ಕ್ಯಾಪ್ಟನ್ ಬಂದ. ಸಹಿ ಇಲ್ಲದ ಕೀಲಿ ಕೊಡು ಅಂದ. ನಾ ಕೊಡಲಿಲ್ಲ. ಬಾಯಿಗೆ ಬಂದಂಗ ಬೈದ. ಮರುದಿನ ಕಮಾಂಡಿಂಗ್ ಆಫೀಸರ್ ಎಲ್ಲಾರ ಮುಂದ ನನ್ನ ಬೆನ್ನು ಚಪ್ಪರಿಸಿದ್ರು."

ವಂದನಾ ಲ್ಯಾಪ್‌ಟಾಪು ಮುಚ್ಚಿದಳು.

"ನಾ ಕ್ಯಾಪ್ಟನ್‌ಗ ಕೊಡಲಿಲ್ಲ. ನೀ ಮಾವಗ ಕೊಡಲಿಲ್ಲ. ಎರಡೂ ಒಂದ. ನಾ ಇದು ಮನಿ ಅನಕೊಂಡಿದ್ನಿ, ನೀ ಕೋತ್ ನಡಸಾಕತ್ತಿದ್ದಿ. ಸಂಜಿಕ ತೆಗೀತೀ?"

"ಈಗಲೇ ತೆಗೀತೀನಿ ಮಾವ. ಆ ಕಡೆ ತಿರುಗಿ."

ಅವನು ಗೋಡೆಗೆ ಮುಖ ಮಾಡಿ, ಕೈ ಹಿಂದೆ ಕಟ್ಟಿ ನಿಂತ.

ಥ್ರೀ ನಾಟ್ ಥ್ರೀ ಊಟದ ಮೇಜಿನ ಮೇಲೆ, ಹಳೇ ಬೆಡ್‌ಶೀಟಿನ ಮೇಲೆ ಬಂತು. ಚನ್ನಮಲ್ಲಪ್ಪ ಕನ್ನಡಕ ಹಾಕಿಕೊಂಡು ಇಶಾಪುರದ ಮುದ್ರೆ ಓದಿದ. ಮುಂಭಾಗದ ಕಟ್ಟಿಗೆಗೆ ಅಡ್ಡಲಾಗಿ ಹಾಕಿದ್ದ ಸ್ಕ್ರೂ ಮೇಲೆ ಹೆಬ್ಬೆರಳಿಟ್ಟ. "ಇದು ನಮ್ಮವರ ಕೈಚಳಕ. ಕಟ್ಟಿಗಿ ಸೀಳಬಾರದಂತ ಹಾಕ್ತಾರ. ಇಂಥಾ ಸ್ಕ್ರೂ ನಾ ಎಷ್ಟು ಬಿಗದೀನೋ ಲೆಕ್ಕಿಲ್ಲ" ಎಂದ. ಕಣ್ಣು ತುಂಬಿ ಬಂದವು. ಅವನು ಅದನ್ನು ಮರೆಮಾಡಲೂ ಇಲ್ಲ.

"ಇದನ್ನ ಯಾಕ ತಗೊಂಡಿ? ಸ್ವಿಸ್ಸಿಂದು ಇದಕ್ಕಿಂತ ಚೊಲೋ ಹೊಡೀತೈತಿ."

ವಂದನಾ ಹೇಳಿದಳು. "ಮದುವೆಯಾದ ಹೊಸದರಲ್ಲಿ ನೀವು ನನ್ನ ಹತ್ರ ಮಾತಾಡ್ತಿದ್ದದ್ದೇ ಕಮ್ಮಿ. ಮಾತಾಡಿದ್ರೆ ಈ ಬಂದೂಕಿನ ಕಥೆ ಒಂದೇ. ಅಂಗಡಿಯಲ್ಲಿ ಇಶಾಪುರ ಅಂತ ಓದಿದ ಕೂಡಲೇ ನೀವೇ ನೆನಪಾದ್ರಿ. ನಿಮಗೆ ತೋರಿಸಬೇಕು ಅಂತಲೇ ತಗೊಂಡೆ."

"ಮತ್ತ ಫ್ಲೆಕ್ಸ್ ನೋಡಿ ಏನೂ ಅನ್ನಲಿಲ್ಲಲ್ಲ?"

"ಅಂದಿದ್ರೆ ಏನು ಮಾಡ್ತಿದ್ರಿ?"

"ಸಿಟ್ಟಾಗತಿದ್ನಿ."

"ಅದಕ್ಕೇ ಅನ್ನಲಿಲ್ಲ. ನನಗೆ ಫ್ಲೆಕ್ಸ್ ಬೇಡ ಮಾವ. ನಿಮ್ಮ ಜನರ ಮುಂದೆ 'ಇದು ಅವಳದು' ಅಂತ ಒಂದು ಮಾತು ಹೇಳಿದ್ರೆ ಸಾಕು."

ಸಂಘದ ಕಟ್ಟಡದ ಮುಂದೆ ಗಾಳಿಗೆ ಪಟಪಟ ಎನ್ನುತ್ತಿರುವ ಫ್ಲೆಕ್ಸು ಚನ್ನಮಲ್ಲಪ್ಪನ ಕಣ್ಣ ಮುಂದಿತ್ತು. ಬಂದೂಕು ರಿಪೇರಿ ಮಾಡಿದಷ್ಟು ಸುಲಭವಲ್ಲ ಆಡಿದ ಮಾತಿನ ರಿಪೇರಿ. ಅವನು ಬೇರೆ ಪ್ರಶ್ನೆ ಕೇಳಿದ. "ಗುರಿ ಹೆಂಗೈತಿ?"

"ಎಲ್ಲೆಲ್ಲೋ ಹೋಗುತ್ತೆ. ಮುಂದಿನ ತಿಂಗಳ ಕೊನೆಗೆ ಹಳೇ ಸೇನಾ ಬಂದೂಕಿನ ಸ್ಪರ್ಧೆ ಇದೆ. ಸ್ವಿಸ್ ತಗೊಂಡು ಹೋದ್ರೆ ಸ್ಥಾನ ಬರಬಹುದು. ನನಗೆ ಇದರಲ್ಲೇ ಹೊಡೀಬೇಕು ಅಂತ ಆಸೆ. ಕ್ಲಬ್ಬಿನ ಯಜಮಾನ ಆಲೋಯಿಸ್ ಇದಕ್ಕೆ ಹೆಸರಿಟ್ಟಿದ್ದಾನೆ. ಕಸಬರಿಗೆ ಕೋಲು ಅಂತ. ನಾನು ಬಂದ ಕೂಡಲೇ, 'ಫ್ರೌ ಅಂಗಡಿ ಕಸ ಗುಡಿಸೋಕೆ ಬಂದ್ರು' ಅಂತಾನೆ."

ಒಲೆಯ ಹತ್ತಿರ ಪಲ್ಯ ತಿರುವುತ್ತಿದ್ದ ನೀಲವ್ವ ಸೌಟು ಹಿಡಿದೇ ಬಂದಳು. "ಯಾರು ಅಂದಾಂವ?"

"ತಮಾಷೆಗೆ ಅತ್ತೆ. ಒಳ್ಳೆಯವನೇ."

"ತಮಾಷಿ? ನಮ್ಮ ಸೊಸಿಗೆ ಕಸ ಗುಡಸಾಕಿ ಅಂತಾನ? ನಾ ಅಂದ್ರ ಅಂತೀನಿ, ಮನಿ ಮಾತು. ಅಂವ ಯಾರು ಅನ್ನಾಂವ? ಏನ್ರೀ, ಸುಮ್ನ ಕುಂತೀರಿ? ನಲವತ್ತು ವರ್ಷ ಏನ್ ಕಿಸದ್ರಿ ಮತ್ತ?"

ಹೀಗೆ ಮೂರು ವಾರದಿಂದ ಕಪಾಟಿನ ಮೇಲೆ ಮುನಿಸಿಕೊಂಡಿದ್ದ ನೀಲವ್ವ ಒಂದೇ ಮಾತಿಗೆ ಪಕ್ಷ ಬದಲಿಸಿದಳು.

ಅಂದಿನಿಂದ ದಿನಾ ಸಂಜೆ ಊಟಕ್ಕೆ ಮುಂಚೆ ಒಂದು ತಾಸು ಕೆಲಸ. ಕಾನೂನು ಕಬ್ಬಿಣಕ್ಕಷ್ಟೇ, ಬಿಚ್ಚಿದ ಕಟ್ಟಿಗೆಯನ್ನು ಯಾರು ಬೇಕಾದರೂ ಹಿಡಿಯಬಹುದು. ಆದ್ದರಿಂದ ಕಬ್ಬಿಣ ವಂದನಾಳ ಕೈಯಲ್ಲಿ, ಕಟ್ಟಿಗೆ ಚನ್ನಮಲ್ಲಪ್ಪನ ಕೈಯಲ್ಲಿ. ಒಬ್ಬರನ್ನು ಬಿಟ್ಟು ಇನ್ನೊಬ್ಬರಿಗೆ ಕೆಲಸ ಸಾಗುವಂತಿರಲಿಲ್ಲ. ಅವನು ಬೇಕರಿಯ ರಸೀದಿ ಹರಿದು ಕಟ್ಟಿಗೆ ಮತ್ತು ಕಬ್ಬಿಣದ ನಡುವೆ ತೂರಿಸಿದ. ಬಿಗಿಯಾಗಿರಬೇಕಾದ ಎರಡು ಕಡೆ ರಸೀದಿ ಸಲೀಸಾಗಿ ದಾಟಿತು.

"ನೋಡು, ಕಟ್ಟಿಗಿ ಒಣಗಿ ಸಣ್ಣಾಗೇತಿ. ಗುಂಡು ಹಾರಿದಾಗೆಲ್ಲ ಕಬ್ಬಿಣ ಒಳಗ ಜರಗತೈತಿ. ನಿನ್ನ ಗುರಿ ತಪ್ಪಿಲ್ಲ ಯವ್ವಾ, ಇದರ ಕೂರಿಕಿ ತಪ್ಪೇತಿ. ಎರಡು ಚೂರು ಒಣಾ ಕಟ್ಟಿಗಿ ಕೂಡಿಸಿದ್ರ ಮುಗೀತು."

ಯವ್ವಾ ಎಂದು ಅವನು ಅವಳನ್ನು ಕರೆದದ್ದು ಅದೇ ಮೊದಲು. ವಂದನಾ ಕಬ್ಬಿಣವನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಳು.

ಪ್ರವೀಣ ಬಾವ್‌ಮಾರ್ಕ್ಟ್ ಎಂಬ ಮರಮುಟ್ಟಿನ ಅಂಗಡಿಗೆ ಹೋಗಿ ಮೂರು ತರದ ಮರದ ಪಟ್ಟಿ ತಂದ. ಚನ್ನಮಲ್ಲಪ್ಪ ಉಗುರು ಒತ್ತಿ ನೋಡಿ ಮೂರನ್ನೂ ಪಕ್ಕಕ್ಕಿಟ್ಟ. "ಹಸಿ. ನಾಳೆ ಇವೂ ಒಣಗತಾವ. ಮೂವತ್ತು ನಲವತ್ತು ವರ್ಷ ಕೈಯಾಗ ಆಡಿದ ಕಟ್ಟಿಗಿ ಬೇಕು." ಹೀಗೆ ಹೇಳುತ್ತಾ ಅವನ ಕಣ್ಣು ಅಡುಗೆಮನೆಯ ಕಟ್ಟೆಯ ಮೇಲೆ ನಿಂತಿತು. ನೀಲವ್ವ ಆ ಕಣ್ಣನ್ನು ಹಿಂಬಾಲಿಸಿದಳು.

"ಮುಟ್ಟೀರಿ ಜ್ವಾಕಿ! ಅದು ನಮ್ಮವ್ವಂದು."

"ನಾ ಏನರ ಅಂದ್ನೇನು?"

"ಅನ್ನೂದು ಬ್ಯಾರೆ ಬೇಕಾ?" ಎಂದು ಲಟ್ಟಣಿಗೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೋಣೆಗೆ ಹೋದಳು. ಎರಡು ದಿನ ಆ ಮನೆಯಲ್ಲಿ ಚಪಾತಿ ಆಗಲಿಲ್ಲ. ಮೂರನೇ ದಿನ ಬೆಳಿಗ್ಗೆ ಚನ್ನಮಲ್ಲಪ್ಪ ಚಹಾಕ್ಕೆ ಬಂದಾಗ ಲಟ್ಟಣಿಗೆ ಅವನ ತಟ್ಟೆಯ ಪಕ್ಕದಲ್ಲಿತ್ತು. ಹಿಡಿಯ ಕಡೆ ಎರಡಂಗುಲಕ್ಕೆ ಸುಣ್ಣದಲ್ಲಿ ಗೆರೆ ಎಳೆದಿತ್ತು.

"ಗೆರಿ ದಾಟಿದ್ರ ನೋಡ್ರಿ" ಎಂದಳು ನೀಲವ್ವ. "ಹಿಡಿ ಇಲ್ಲದಿದ್ರೂ ಲಟ್ಟಸಾಕ ಬರತೈತಿ ನನಗ."

ಚನ್ನಮಲ್ಲಪ್ಪ ಗೆರೆಯ ಈಚೆಯೇ ಕೊಯ್ದು, ಚೂರುಗಳನ್ನು ಕಟ್ಟಿಗೆ ಸಡಿಲಾಗಿದ್ದ ಎರಡು ಕಡೆ ಕೂಡಿಸಿದ. ಆ ದೇಶದಲ್ಲಿ ಭಾನುವಾರ ಸದ್ದು ಮಾಡುವಂತಿಲ್ಲವೆಂದು ನಿಶ್ಚಿತಾ ಕಾವಲು ನಿಂತಳು. ಉಳಿದ ದಿನ ಕೆಳಗಿನ ಮುದುಕಿಗೆ ಹೋಳಿಗೆ ಕೊಟ್ಟು ಸಮಾಧಾನ ಮಾಡಿದ್ದಾಯಿತು. ದೇವರ ದೀಪದ ಮಸಿಯನ್ನು ವಂದನಾ ಕಬ್ಬಿಣಕ್ಕೆ ಹಚ್ಚಿ ಕಟ್ಟಿಗೆಯೊಳಗೆ ಇಳಿಸುವುದು, ಮಸಿ ಅಂಟಿದ ಕಡೆ ಮಾವ ಕೂದಲೆಳೆಯಷ್ಟು ಕೆರೆಯುವುದು, ಮತ್ತೆ ಇಳಿಸುವುದು. ಹನ್ನೊಂದು ಸಂಜೆ ಹೀಗೇ ಕಳೆದವು. ಹನ್ನೆರಡನೇ ಸಂಜೆ ರಸೀದಿ ಎಲ್ಲಿಯೂ ದಾಟಲಿಲ್ಲ. ಆ ವಾರ ಕ್ಲಬ್ಬಿಗೆ ಎರಡು ಸಲ ಹೋಗಿ ವಂದನಾ ಗುರಿ ಕಟ್ಟಿ ನೋಡಿದಳು. ಗುಂಡುಗಳು ಒಂದು ಅಂಗೈ ಅಗಲದಲ್ಲಿ ಬಿದ್ದವು.

ಸೆಪ್ಟೆಂಬರ್ ಕೊನೆಯ ಶನಿವಾರ ಇಡೀ ಮನೆ ಕಾರಿನಲ್ಲಿ ಸ್ಪರ್ಧೆಗೆ ಹೊರಟಿತು. ಹಿಂದೆ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಬಂದೂಕು, ನೀಲವ್ವನ ತೊಡೆಯ ಮೇಲೆ ರೊಟ್ಟಿಯ ಡಬ್ಬಿ. ಐದು ಕ್ಲಬ್ಬಿನ ಮೂವತ್ತೊಂದು ಜನ ಗುರಿಕಾರರು ಸೇರಿದ್ದರು. ನೂರು ಮೀಟರ್ ದೂರದ ಗುರಿ, ಮಲಗಿ ಇಪ್ಪತ್ತು ಗುಂಡು, ನಿಂತು ಇಪ್ಪತ್ತು, ಒಟ್ಟು ನಾನೂರು ಅಂಕ. ಆಲೋಯಿಸ್ ಎಂಬ ಬಿಳಿ ಮೀಸೆಯ ದಪ್ಪ ಮನುಷ್ಯ ಎದುರಾಗಿ, ಕಸಬರಿಗೆಯ ತಮಾಷೆ ಮತ್ತೆ ಆಡಿದ. ನೀಲವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಅವನು ಯಾಕೋ ಟೋಪಿ ತೆಗೆದ.

ವಂದನಾ ಮಲಗಿ ಬಂದೂಕು ಭುಜಕ್ಕೆ ಕೊಟ್ಟಳು. ಹಿಂದೆ ಬೆಂಚಿನ ಮೇಲೆ ಕಿವಿಗೆ ದೊಡ್ಡ ಮುಚ್ಚಳ ಹಾಕಿಕೊಂಡು ಚನ್ನಮಲ್ಲಪ್ಪ ದುರ್ಬೀನಿನಲ್ಲಿ ಕಣ್ಣಿಟ್ಟ. ಮಲಗಿ ಹೊಡೆಯುವ ಇಪ್ಪತ್ತು ಮುಗಿದಾಗ ಪ್ರವೀಣ ಅಪ್ಪನ ಪಕ್ಕ ಬಂದು ಕುಳಿತು, ಒಂದು ಕಿವಿಯ ಮುಚ್ಚಳ ಎತ್ತಿದ.

"ಅಪ್ಪಾ, ತಪ್ಪು ನಂದು. ಅವತ್ತ ಫೋನಿನ್ಯಾಗ ಹೇಳಬೇಕಾಗಿತ್ತು."

"ಯಾಕ ಹೇಳಲಿಲ್ಲ?"

"ನೀವು ನನ್ನ ಅಷ್ಟು ಹೊಗಳಿದ್ದು ಜೀವನದಾಗ ಅದ ಮೊದಲು. ಬಿಡಾಕ ಮನಸಾಗಲಿಲ್ಲ."

ಚನ್ನಮಲ್ಲಪ್ಪ ಮಗನ ಮುಖ ನೋಡಿದ. ಅವನ ಬೆನ್ನಿನ ಮೇಲೆ ಒಮ್ಮೆ ಕೈಯಾಡಿಸಿ, "ಸುಮ್ನಿರು, ಅಕಿ ನಿಂತು ಹೊಡ್ಯಾಕತ್ತಾಳ" ಎಂದು ಮುಚ್ಚಳ ಮತ್ತೆ ಸರಿಮಾಡಿಕೊಂಡ.

ಹೋದ ವರ್ಷ ಇದೇ ಬಂದೂಕಿನಲ್ಲಿ ವಂದನಾ ಇನ್ನೂರ ತೊಂಬತ್ತು ಮುಟ್ಟಲಾರದೆ ಹೋಗಿದ್ದಳು. ಈ ಸಲ ಮುನ್ನೂರ ನಲವತ್ತೇಳು. ಮೂರನೇ ಸ್ಥಾನ. ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಹೆಸರಿನ ಪಕ್ಕ ಬಂದೂಕಿನ ಹೆಸರೂ ಇತ್ತು. ಆಲೋಯಿಸ್ ಬಂದೂಕನ್ನು ತಿರುಗಿಸಿ ಮುರುಗಿಸಿ ನೋಡಿ, ಇದನ್ನು ರಿಪೇರಿ ಮಾಡಿದವರು ಯಾರೆಂದು ಕೇಳಿದ. ವಂದನಾ ಮಾವನನ್ನು ಮುಂದಕ್ಕೆ ಕರೆದು, ಏನು ಹಾಕಿ ರಿಪೇರಿ ಮಾಡಿದ್ದೆಂದೂ ಹೇಳಿದಳು. ಆಲೋಯಿಸ್ ಹೊಟ್ಟೆ ಕುಲುಕಿಸಿ ನಕ್ಕು, ಚನ್ನಮಲ್ಲಪ್ಪನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ತನ್ನ ಹಳೇ ಬಂದೂಕಿನ ಕಟ್ಟಿಗೆಯನ್ನೂ ನೋಡಿಕೊಡುವಿರಾ ಎಂದು ಬೇಡಿದ.

"ನನ್ನ ಲಟ್ಟಣಿಗಿ ಮುಗೀತು" ಎಂದಳು ನೀಲವ್ವ. "ಅವರವ್ವಂದು ತರಾಕ ಹೇಳ್ರಿ."

ಬುಧವಾರ ಖಂಡೇನವಮಿ. ವಂದನಾ, ಪ್ರವೀಣ ಅರ್ಧ ದಿನ ರಜೆ ಹಾಕಿದರು, ನಿಶ್ಚಿತಾ ಶಾಲೆಗೆ ತಡವಾಗಿ ಹೋಗಲು ಒಪ್ಪಿಗೆ ಪಡೆದಳು. ಕಪಾಟಿನ ಮುಂದೆ ನೀಲವ್ವ ರಂಗೋಲಿ ಎಳೆದಳು, ಅಡುಗೆಮನೆಯ ಚಾಕು, ಪ್ರವೀಣನ ಸೈಕಲ್ಲು, ನಿಶ್ಚಿತಾಳ ಲ್ಯಾಪ್‌ಟಾಪು, ಗಿಡ್ಡಾದ ಲಟ್ಟಣಿಗೆ ಎಲ್ಲವೂ ಸಾಲಾಗಿ ನಿಂತವು. ಒಂಬತ್ತು ಗಂಟೆಗೆ ಚನ್ನಮಲ್ಲಪ್ಪ ಇಸ್ತ್ರಿ ಅಂಗಿ, ರುಮಾಲು ಧರಿಸಿ ಫೋನ್ ಹಚ್ಚಿದ. ಬೈಲಹೊಂಗಲದಲ್ಲಿ ಆಗ ಮಧ್ಯಾಹ್ನ. ಪರದೆಯ ತುಂಬ ಬಿಳಿ ಮೀಸೆಗಳು, ಹಿಂದೆ ಬಾಗಿಲಲ್ಲಿ ಅದೇ ಫ್ಲೆಕ್ಸು.

"ಜೈ ಹಿಂದ್ ಚನ್ನಮಲ್ಲಪ್ಪಾ!" ಎಂದರು ಸುಬೇದಾರರು. "ಎಲ್ಲಿ ಮಗ? ಬಂದೂಕು ತಗದು ತೋರಸಾಕ ಹೇಳು. ಎಲ್ಲಾರೂ ಕಾಯಾಕತ್ತೀವಿ."

ವಂದನಾ ಊದುಬತ್ತಿ ಹಚ್ಚುವ ನೆಪದಲ್ಲಿ ಕೆಳಗೆ ನೋಡುತ್ತಿದ್ದಳು.

"ಮಗಗ ತಗ್ಯಾಕ ಬರೂದಿಲ್ಲ ಸಾಹೇಬ್ರ" ಎಂದ ಚನ್ನಮಲ್ಲಪ್ಪ.

"ಹಂಗಂದ್ರ?"

"ಬಂದೂಕು ಅವಂದಲ್ಲ. ನಾ ತಿಳಕೊಂಡದ್ದು ತಪ್ಪು, ನಿಮಗ ಹೇಳಿದ್ದೂ ತಪ್ಪು. ಹಿಂದ ಐತೆಲ್ಲ, ಆ ಫ್ಲೆಕ್ಸ್ ಇಳಸ್ರಿ. ಹೊಸಾದು ಮಾಡಸ್ರಿ, ರೊಕ್ಕ ನಾ ಕೊಡತೀನಿ. ಹೆಸರು ಬರಕೋರಿ. ವಂದನಾ. ನಮ್ಮ ಸೊಸಿ. ಬಂದೂಕು ಅಕಿದು, ಕೋತ್ ಅಕಿದು, ಕೋತಿನ ಕೀಲಿ ಅಕಿದು. ಮೂವತ್ತೊಂದು ಮಂದಿ ಜರ್ಮನ್ನರೊಳಗ ನಮ್ಮ ಥ್ರೀ ನಾಟ್ ಥ್ರೀ ಹಿಡದು ಮೂರನೇದಾಕಿ ಬಂದಾಳ."

ಆ ಕಡೆ ಗದ್ದಲವೆದ್ದಿತು. ಅದರ ನಡುವೆ ಯಾರೋ ಕೇಳಿದರು, "ಮತ್ತ ನೀ ಅಲ್ಲಿ ಏನ್ ಮಾಡಾಕತ್ತೀ?"

ಚನ್ನಮಲ್ಲಪ್ಪ ಬೆನ್ನು ನೆಟ್ಟಗೆ ಮಾಡಿದ. "ನಾ ಅಕಿ ಆರ್ಮರರ್."

ವಂದನಾ ಊದುಬತ್ತಿ ಹಿಡಿದೇ ಅತ್ತಳು. ಪ್ರವೀಣ ಮೊದಲು ಚಪ್ಪಾಳೆ ಹೊಡೆದ, ಆಮೇಲೆ ನಿಶ್ಚಿತಾ, ಆಮೇಲೆ ಬೈಲಹೊಂಗಲ. ನೀಲವ್ವ ಗಂಡನ ಹೆಗಲ ಮೇಲಿಂದ ಫೋನಿನೊಳಗೆ ಮುಖ ತೂರಿಸಿ, "ಒಳಗಿನ ಲಟ್ಟಣಿಗಿ ನಂದು. ಅದನ್ನೂ ಬರಸ್ರಿ!" ಎಂದು ಕೂಗಿದಳು.

"ಆತು, ಆತು. ಈಗ ಬಂದೂಕು ತೋರಸ್ರಿ" ಎಂದರು ಸುಬೇದಾರರು ನಗುತ್ತಾ.

"ತಡೀರಿ ಸಾಹೇಬ್ರ. ಅಕಿ ಕೋತ್ ತೆಗೀತಾಳ. ಯಾರೂ ನೋಡೂ ಹಂಗಿಲ್ಲ" ಎಂದು ಚನ್ನಮಲ್ಲಪ್ಪ ಫೋನನ್ನು, ಅದರೊಳಗಿನ ಇಡೀ ಮಾಜಿ ಸೈನಿಕರ ಸಂಘದ ಸಮೇತ, ಮೇಜಿನ ಮೇಲೆ ಬೋರಲು ಹಾಕಿದ. ಆಮೇಲೆ ಅವನು, ನೀಲವ್ವ, ಪ್ರವೀಣ, ನಿಶ್ಚಿತಾ, ನಾಲ್ವರೂ ಸಾಲಾಗಿ ಗೋಡೆಗೆ ಮುಖ ಮಾಡಿ ನಿಂತರು. ವಂದನಾ ಕಣ್ಣೊರೆಸಿಕೊಂಡು ಕಪಾಟಿನ ನಂಬರ್ ತಿರುಗಿಸಿದಳು.